ಮಲಗಿದ ಮಗು, ಮಂಕಾದ ಮಗು

(ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ನಡೆದ ಸಭೆಯ ಭಾಷಣ)



ಮಗ್ಗ ನಿಲ್ಲಿಸಿ ಬಂದಿದ್ದೀರಿ. ಒಂದು ಗಂಟೆ ಮಗ್ಗ ನಿಂತರೆ ಮನೆಯಲ್ಲಿ ಏನು ನಿಲ್ಲುತ್ತದೆ ಎಂಬುದನ್ನು ನಾವು ಬಲ್ಲೆವು. ಆದ್ದರಿಂದ ಸುತ್ತುಬಳಸಿ ಮಾತಾಡುವುದಿಲ್ಲ. ಕೂಲಿಯ ದರ, ರೇಷ್ಮೆಯ ಬೆಲೆ, ಕರೆಂಟಿನ ಬಿಲ್ಲು ಇವುಗಳ ಮೇಲೆ ಈ ಜಾಗದಲ್ಲಿ ಎಷ್ಟೋ ಭಾಷಣ ಕೇಳಿದ್ದೀರಿ, ಇನ್ನೂ ಕೇಳುತ್ತೀರಿ. ಇಂದಿನ ವಿಷಯ ಬೇರೆ. ವಾಂತಿ ಮಾಡಿಕೊಂಡು ಮಂಕಾಗಿ ಬಿದ್ದ ಎಳೆಯ ಮಗುವನ್ನು ನೋಡಿಕೊಳ್ಳುವುದು ಹೇಗೆ ಎಂಬುದೇ ವಿಷಯ. "ಇದು ಹೆಂಗಸರ ಮಾತು, ಡಾಕ್ಟರ ಮಾತು, ಇಲ್ಲಿ ಯಾಕೆ?" ಎಂದು ಹಿಂದೆ ಕೂತಿರುವ ಅಣ್ಣನೊಬ್ಬರು ಆಗಲೇ ಗೊಣಗಿದರು. ಅವರಿಗೆ ವಾದದಿಂದ ಉತ್ತರ ಕೊಡುವ ಬದಲು ಒಂದು ರಾತ್ರಿಯ ಸಂಗತಿ ಹೇಳುತ್ತೇವೆ.

ನಾಲ್ಕು ಮಗ್ಗದ ಮನೆ. ಒಂಬತ್ತು ತಿಂಗಳ ಗಂಡುಮಗು. ಬೆಳಗ್ಗೆ ಎದ್ದಾಗಿನಿಂದ ಮೂರು ಸಲ ವಾಂತಿ, ಆಮೇಲೆ ನೀರಿನಂಥ ಬೇಧಿ. ತಾಯಿ ಒಂದು ಕಡೆ ಕಂಡಿಕೆ ಸುತ್ತುತ್ತಾಳೆ, ಒಂದು ಕಡೆ ಮಗುವಿನ ಬಟ್ಟೆ ಬದಲಿಸುತ್ತಾಳೆ. ಸಂಜೆಗೆ ಸೀರೆ ಇಳಿಸಿ ಕೊಡಲೇಬೇಕು, ಮುಂಗಡ ತಂದಾಗಿದೆ. ಮಧ್ಯಾಹ್ನದ ಹೊತ್ತಿಗೆ ಮಗು ಅಳು ನಿಲ್ಲಿಸಿತು. ತೊಟ್ಟಿಲಲ್ಲಿ ಕಣ್ಣು ಅರೆ ಮುಚ್ಚಿ ಬಿದ್ದುಕೊಂಡಿತು. "ಬಿಡಮ್ಮ, ಸುಸ್ತಾಗಿ ಮಲಗೈತೆ, ಎಬ್ಬಿಸಬೇಡ" ಎಂದರು ಅತ್ತೆ. ತಾಯಿಗೂ ಒಂದು ಥರ ನೆಮ್ಮದಿಯೇ ಆಯಿತು. ಮಗ್ಗದ ಸದ್ದು ನಿಮಗೆ ಗೊತ್ತಲ್ಲ. ಅದರಲ್ಲಿ ಮಗು ಅತ್ತರೂ ಕೇಳದು, ಅಳದಿದ್ದರೂ ತಿಳಿಯದು. ನಾಲ್ಕು ಗಂಟೆಯಾಯಿತು, ಐದಾಯಿತು. ಮೊಲೆಗೆ ಹಿಡಿದರೆ ಬಾಯಿ ತೆರೆಯಲಿಲ್ಲ. ಬೆಳಗಿನಿಂದ ಹಾಕಿದ್ದ ಒಂದು ಲಂಗೋಟಿಯೂ ಉಚ್ಚೆಯಿಂದ ನೆನೆದಿರಲಿಲ್ಲ. ರಾತ್ರಿ ಎಂಟರ ಸುಮಾರಿಗೆ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಬಂದು ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರು. ಬಿಟ್ಟ ಚರ್ಮ ಹಾಗೇ ಮಡಿಕೆಯಾಗಿ ನಿಂತಿತು, ನಿಧಾನವಾಗಿ ಇಳಿಯಿತು. "ಅಕ್ಕಾ, ಇದು ನಿದ್ದೆಯಲ್ಲ" ಎಂದರು ಅವರು. ನಮ್ಮಲ್ಲಿ ಇಬ್ಬರು ಆಗ ಆ ಬೀದಿಯಲ್ಲೇ ಇದ್ದೆವು. ಆಟೋ ಹಿಡಿದೆವು. ದಾರಿಯಲ್ಲಿ ಸಿಕ್ಕ ಮೊದಲ ಖಾಸಗಿ ದವಾಖಾನೆಯಲ್ಲಿ ಮಕ್ಕಳ ಡಾಕ್ಟರಿಲ್ಲವೆಂದು ಬಾಗಿಲಲ್ಲೇ ಹೇಳಿ ಕಳಿಸಿದರು. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಲು ನರ ಸಿಗುವುದಕ್ಕೇ ಬಹಳ ಹೊತ್ತು ಹಿಡಿಯಿತು. ನೀರು ಬತ್ತಿದ ಮೈಯಲ್ಲಿ ನರವೂ ಬತ್ತಿರುತ್ತದೆ. ಮಗು ಉಳಿಯಿತು. ಬೆಳಗಿನ ಜಾವ ಅದು ಅತ್ತಾಗ ಆ ತಾಯಿ ನಕ್ಕದ್ದನ್ನು ನಾವು ಮರೆಯಲಾರೆವು.

ಮಧ್ಯಾಹ್ನ ಒಂದರಿಂದ ರಾತ್ರಿ ಎಂಟರವರೆಗೆ ಏಳು ಗಂಟೆ. ಆ ಏಳು ಗಂಟೆಯಲ್ಲಿ ಮನೆಯಲ್ಲಿ ಯಾರೂ ಕೆಟ್ಟವರಿರಲಿಲ್ಲ, ಯಾರೂ ದಡ್ಡರಿರಲಿಲ್ಲ. ಮಲಗಿದ ಮಗುವಿಗೂ ಮಂಕಾದ ಮಗುವಿಗೂ ಇರುವ ವ್ಯತ್ಯಾಸವನ್ನು ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಅದನ್ನೇ ಮೊದಲು ಹೇಳುತ್ತೇವೆ.

ವಾಂತಿ ಮಾಡಿದ ಮಗು ಸುಸ್ತಾಗಿ ಮಲಗುವುದು ಸಹಜವೇ. ಆದರೆ ಮಲಗಿದ ಮಗುವನ್ನು ಎಬ್ಬಿಸಿದರೆ ಎಚ್ಚರವಾಗಬೇಕು. ಕಿರಿಕಿರಿ ಮಾಡಬೇಕು, ಅಳಬೇಕು, ಅಮ್ಮನ ಮುಖ ನೋಡಬೇಕು, ಕುಡಿಯಲು ಕೊಟ್ಟರೆ ಬಾಯಿ ಹಾಕಬೇಕು. ಮಂಕಾದ ಮಗು ಎಬ್ಬಿಸಿದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತದೆ. ನೋಟ ಎಲ್ಲೋ ಇರುತ್ತದೆ. ಕೈ ಎತ್ತಿ ಬಿಟ್ಟರೆ ದಾರದ ಉಂಡೆಯ ಹಾಗೆ ಬೀಳುತ್ತದೆ. ಕರೆದರೆ, ಚಪ್ಪಾಳೆ ತಟ್ಟಿದರೆ ತಿರುಗುವುದಿಲ್ಲ. ಇನ್ನೂ ನಾಲ್ಕು ಗುರುತು: ಕಣ್ಣು ಗುಳಿ ಬಿದ್ದಿರುತ್ತದೆ, ಅತ್ತರೆ ಕಣ್ಣೀರಿಲ್ಲ, ನಾಲಿಗೆ ಒಣಗಿರುತ್ತದೆ, ಆರು ಗಂಟೆಯಿಂದ ಉಚ್ಚೆ ಇಲ್ಲ. ಚರ್ಮದ ಪರೀಕ್ಷೆಯನ್ನು ಎಲ್ಲರೂ ಕಲಿಯಬಹುದು. ಹೊಕ್ಕುಳಿಗೂ ಪಕ್ಕೆಗೂ ನಡುವೆ ಎರಡು ಬೆರಳಿನಿಂದ ಚರ್ಮವನ್ನು ಎತ್ತಿ ಬಿಡಿ. ನೆಟ್ಟಗಿರುವ ಮಗುವಿನಲ್ಲಿ ಅದು ತಟ್ಟನೆ ಕೂರುತ್ತದೆ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆ ನಿಂತರೆ ಮೈಯ ನೀರು ಅಪಾಯದ ಮಟ್ಟಕ್ಕೆ ಇಳಿದಿದೆ ಎಂದೇ ತಿಳಿಯಬೇಕು.

ಇಲ್ಲಿ ನಮ್ಮ ಅಜ್ಜಿಯರ ವಿಷಯದಲ್ಲಿ ಒಂದು ಮಾತು. ಎಳೆಗೂಸಿನ ನೆತ್ತಿ ಕುಸಿದಿದೆ ಎಂದು ಅವರು ಹೇಳುತ್ತಾರೆ, ಎಣ್ಣೆ ಒತ್ತುತ್ತಾರೆ. ಓದಿದವರು ನಗುತ್ತಾರೆ. ನಗಬೇಡಿ. ಅಜ್ಜಿಯ ಕಣ್ಣು ಸರಿಯಾಗಿಯೇ ಕಂಡಿದೆ: ಮೈಯಲ್ಲಿ ನೀರು ಕಡಿಮೆಯಾದಾಗ ಮೆದು ನೆತ್ತಿ ನಿಜವಾಗಿಯೂ ಗುಳಿ ಬೀಳುತ್ತದೆ, ಡಾಕ್ಟರೂ ಅದನ್ನೇ ಮುಟ್ಟಿ ನೋಡುತ್ತಾರೆ. ತಪ್ಪಿರುವುದು ಮದ್ದಿನಲ್ಲಿ. ಎಣ್ಣೆ ನೆತ್ತಿಯ ಮೇಲೆ ಬೇಕಿಲ್ಲ, ನೀರು ಹೊಟ್ಟೆಯೊಳಗೆ ಬೇಕು. ದೃಷ್ಟಿ ತೆಗೆಯುವವರು ತೆಗೆಯಲಿ, ಅದಕ್ಕೆ ಎರಡು ನಿಮಿಷ. ಆದರೆ ಬಾಲಗ್ರಹವೆಂದು ಬರೆ ಹಾಕಿಸುವುದನ್ನೂ, ತಾಯಿತ ಕಟ್ಟಿಸಲು ಬಸ್ಸು ಹತ್ತಿ ದೂರದ ಊರಿಗೆ ಹೋಗುವುದನ್ನೂ ಈ ಬೀದಿ ಕೈಬಿಡಬೇಕು. ಬರೆಯ ಗಾಯದಿಂದ ಮೈ ಇನ್ನಷ್ಟು ಸೋಲುತ್ತದೆ. ಪ್ರಯಾಣದಲ್ಲಿ ಕಳೆಯುವ ಆ ಮೂರು ಗಂಟೆಯೇ ಮಗುವಿನ ಆಯುಸ್ಸು.

ನೀರು ಹೋದರೆ ಇಷ್ಟು ಬೇಗ ಯಾಕೆ ಹೀಗಾಗುತ್ತದೆ? ಲೆಕ್ಕ ಹಾಕಿ ನೋಡಿ. ಎಂಟು ಕಿಲೋ ತೂಗುವ ಮಗು. ವಾಂತಿ ಬೇಧಿಯಲ್ಲಿ 800 ಮಿಲಿ ಹೋಯಿತು ಎಂದರೆ, ದೊಡ್ಡ ನೀರಿನ ಬಾಟಲಿಗಿಂತ ಸ್ವಲ್ಪ ಕಡಿಮೆ, ತೂಕದ ಹತ್ತನೆಯ ಒಂದು ಪಾಲು ಹೋದ ಹಾಗೆ. 60 ಕಿಲೋ ತೂಗುವ ನಮಗೆ ಆರು ಲೀಟರು ಹೋದರೆ ಹೇಗೋ ಹಾಗೆ. ರಕ್ತ ಗಟ್ಟಿಯಾಗುತ್ತದೆ, ಸೋಸುವ ಮೂತ್ರಪಿಂಡಕ್ಕೆ ರಕ್ತ ಸಾಲುವುದಿಲ್ಲ, ಮಿದುಳಿಗೂ ಸಾಲುವುದಿಲ್ಲ, ಆದ್ದರಿಂದಲೇ ಮಂಕು. ನೀರಿನ ಜೊತೆ ಉಪ್ಪೂ ಹೋಗುತ್ತದೆ. ಏನೂ ತಿನ್ನದ ಕೂಸಿನ ರಕ್ತದಲ್ಲಿ ಸಕ್ಕರೆಯೂ ಇಳಿಯುತ್ತದೆ. ಈ ಮೂರೂ ಸೇರಿದಾಗ ಮಗು ಆರಿಹೋಗುವ ದೀಪದಂತೆ ಆಗುತ್ತದೆ.

ಈ ಮೂರನ್ನೂ ಒಂದೇ ಲೋಟದಲ್ಲಿ ಹಿಂದಕ್ಕೆ ಕೊಡುವ ಉಪಾಯ ನಮ್ಮ ನಾಡಿನ ನೆಲದಲ್ಲೇ ಪರೀಕ್ಷೆಗೊಂಡಿತು ಎಂಬುದನ್ನು ನೀವು ತಿಳಿದಿರಬೇಕು. 1953ರಲ್ಲೇ ಕಲಕತ್ತೆಯ ಡಾಕ್ಟರ್ ಹೇಮೇಂದ್ರನಾಥ ಚಟರ್ಜಿಯವರು ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸಿನ ನೀರನ್ನು ಬಾಯಿಯಲ್ಲೇ ಕುಡಿಸಿ, ಫಲ ಕಂಡು, ಇಂಗ್ಲೆಂಡಿನ ವೈದ್ಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬರೆದರು. ದೊಡ್ಡವರು ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಸಣ್ಣ ಕರುಳಿನಲ್ಲಿ ಸಕ್ಕರೆ ಒಳಗೆ ಹೋಗುವಾಗ ಉಪ್ಪನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಬೇಧಿ ನಡೆಯುತ್ತಿದ್ದಾಗಲೂ ಈ ಬಾಗಿಲು ಮುಚ್ಚುವುದಿಲ್ಲ. ಢಾಕಾದಲ್ಲಿ, ಕಲಕತ್ತೆಯಲ್ಲಿ 1960ರ ದಶಕದಲ್ಲಿ ಇದು ಸ್ಪಷ್ಟವಾಯಿತು. ಆದರೂ ಬಾಟಲಿ ಕಟ್ಟಿ ಸೂಜಿ ಚುಚ್ಚುವುದೇ ಚಿಕಿತ್ಸೆ, ಕುಡಿಸುವುದು ಬಡವರ ಸಮಾಧಾನ ಎಂಬ ಭಾವನೆ ಹೋಗಲಿಲ್ಲ.

1971ರಲ್ಲಿ ಬಾಂಗ್ಲಾ ಯುದ್ಧ. ಲಕ್ಷ ಲಕ್ಷ ಮಂದಿ ಗಡಿ ದಾಟಿ ಬಂದರು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಮಳೆ, ಕೆಸರು, ಕಾಲರಾ. ಮಕ್ಕಳ ಡಾಕ್ಟರ್ ದಿಲೀಪ್ ಮಹಲನಬೀಸರ ಕೈಯಲ್ಲಿದ್ದ ಸಲೈನ್ ಬಾಟಲಿಗಳು ಮುಗಿದುಹೋದವು. ನೆಲದ ಮೇಲೆಲ್ಲ ರೋಗಿಗಳು. ಅವರು ಅಡುಗೆ ಉಪ್ಪು, ಅಡುಗೆ ಸೋಡ, ಗ್ಲೂಕೋಸು ಈ ಮೂರನ್ನು ಅಳತೆಯಂತೆ ಬೆರೆಸಿ, ಡ್ರಮ್ಮಿನಲ್ಲಿ ನೀರು ತುಂಬಿ, ರೋಗಿಯ ಜೊತೆಗೆ ಬಂದ ಅಣ್ಣ ಅಕ್ಕ ಅಮ್ಮಂದಿರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ಅಂಥ ಶಿಬಿರಗಳಲ್ಲಿ ನೂರಕ್ಕೆ 30ರಷ್ಟಿದ್ದ ಸಾವು ಅಲ್ಲಿ ನೂರಕ್ಕೆ 4ಕ್ಕಿಂತ ಕೆಳಗೆ ಇಳಿಯಿತು. 1978ರಲ್ಲಿ ಅದೇ ಲ್ಯಾನ್ಸೆಟ್, ಇದು ಶತಮಾನದ ಅತಿ ಮುಖ್ಯ ವೈದ್ಯಕೀಯ ಸಾಧನೆ ಆಗಬಹುದೆಂದು ಬರೆಯಿತು. ಮಹಲನಬೀಸರು 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ. ಬದುಕಿದ್ದಾಗ ನಮ್ಮ ಊರಿನಲ್ಲಿ ಎಷ್ಟು ಜನ ಅವರ ಹೆಸರು ಕೇಳಿದ್ದರು? ಹೋಗಲಿ. ನಾವು ಗಮನಿಸಬೇಕಾದ್ದು ಆ ಲೋಟ ಯಾರ ಕೈಯಲ್ಲಿತ್ತು ಎಂಬುದು. ಡಾಕ್ಟರ ಕೈಯಲ್ಲೂ ಅಲ್ಲ, ನರ್ಸಮ್ಮನ ಕೈಯಲ್ಲೂ ಅಲ್ಲ. ರೋಗಿಯ ಮನೆಯವರ ಕೈಯಲ್ಲಿತ್ತು.

ಆ ಪುಡಿಯೇ ಇಂದಿನ ಓ.ಆರ್.ಎಸ್. ಪೊಟ್ಟಣ. ಒಂದು ಲೀಟರಿನ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ: 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು, ಉಳಿದದ್ದು ಪೊಟ್ಯಾಸಿಯಂ ಮತ್ತು ಸಿಟ್ರೇಟ್. ಆಶಾ ಕಾರ್ಯಕರ್ತೆಯ ಬಳಿ, ಆರೋಗ್ಯ ಕೇಂದ್ರದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಹೀಗಿದ್ದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಬೇಧಿಯಾದ ನೂರು ಮಕ್ಕಳಲ್ಲಿ ಇದನ್ನು ಕುಡಿದವರು ದೇಶದಲ್ಲಿ ಸುಮಾರು 60 ಮಾತ್ರ. ಜಿಂಕ್ ಮಾತ್ರೆ ಸಿಕ್ಕವರು 30ರ ಆಸುಪಾಸು.

ಕಲಸುವ ವಿಧಾನದಲ್ಲಿ ತಪ್ಪು ನಡೆಯುತ್ತದೆ, ಕೇಳಿ. ಕೈ ಸೋಪಿನಿಂದ ತೊಳೆಯಿರಿ. ಬಣ್ಣದ ಕೈ, ಎಣ್ಣೆಯ ಕೈ ಆಗದು. ಕುದಿಸಿ ಆರಿಸಿದ ಒಂದು ಲೀಟರು ನೀರನ್ನು ಅಳೆದು ಪಾತ್ರೆಗೆ ಹಾಕಿ. ಅಂಗಡಿಯ ಒಂದು ಲೀಟರಿನ ನೀರಿನ ಬಾಟಲಿ ಒಳ್ಳೆಯ ಅಳತೆ. ಪೊಟ್ಟಣವನ್ನು ಪೂರ್ತಿ ಸುರಿಯಿರಿ. ಅರ್ಧ ಪೊಟ್ಟಣ ಒಂದು ಲೋಟಕ್ಕೆ, ಉಳಿದರ್ಧ ನಾಳೆಗೆ ಎಂದು ಮಾಡಬೇಡಿ. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ, ನೀರು ಹೆಚ್ಚಾದರೆ ಪ್ರಯೋಜನವಿಲ್ಲ. 200 ಮಿಲಿಗೆಂದೇ ಮಾಡಿದ ಸಣ್ಣ ಪೊಟ್ಟಣಗಳೂ ಅಂಗಡಿಗೆ ಬರುತ್ತವೆ, ಆದ್ದರಿಂದ ಮೇಲೆ ಬರೆದಿರುವ ಅಳತೆ ಓದಿಸಿಕೊಳ್ಳಿ. ಸಕ್ಕರೆ, ನಿಂಬೆರಸ, ಹಾಲು ಯಾವುದನ್ನೂ ಸೇರಿಸಬೇಡಿ, ಮತ್ತೆ ಕುದಿಸಬೇಡಿ. ಮುಚ್ಚಿಟ್ಟು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ.

ಪೊಟ್ಟಣ ಸಿಗಲೇ ಇಲ್ಲ, ರಾತ್ರಿ ಹೊತ್ತು, ಏನು ಮಾಡುವುದು? ಒಂದು ಲೀಟರು ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪಿನ ಚಮಚವನ್ನು ಗೋಪುರ ಮಾಡಬೇಡಿ, ಬೆರಳಿನಿಂದ ಸವರಿ. ನಾಲಿಗೆಗೆ ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಿ. ಬೆಳಗಾಗುವವರೆಗೆ ಇದು ಸಾಕು. ಉಪ್ಪು ಹಾಕಿದ ಅಕ್ಕಿ ಗಂಜಿ ತಿಳಿ, ಆರು ತಿಂಗಳು ದಾಟಿದ ಮಗುವಿಗೆ ನೀರು ಮಜ್ಜಿಗೆ, ತೆಳ್ಳನೆಯ ರಾಗಿ ಗಂಜಿ ಜೊತೆಗೆ ಕೊಡಬಹುದು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಉಪ್ಪಿನ ಅಂಶ ಕಡಿಮೆ; ಪೊಟ್ಟಣದ ಬದಲಿಗೆ ಅದೊಂದನ್ನೇ ನಂಬಬಾರದು.

"ಕುಡಿಸಿದ್ದೆಲ್ಲ ಕಕ್ಕುತ್ತದೆ, ಕುಡಿಸಿ ಏನು ಬಂತು?" ಎಂದು ಎಲ್ಲ ತಾಯಂದಿರೂ ಕೇಳುತ್ತಾರೆ. ಬಾಯಾರಿದ ಮಗು ಲೋಟವನ್ನೇ ಕಿತ್ತುಕೊಂಡು ಗಟಗಟ ಕುಡಿಯುತ್ತದೆ, ಕೆರಳಿದ ಹೊಟ್ಟೆ ಅಷ್ಟನ್ನೂ ಹೊರಗೆ ಎಸೆಯುತ್ತದೆ. ವಾಂತಿಯಾದ ಮೇಲೆ ಹತ್ತು ನಿಮಿಷ ಸುಮ್ಮನಿರಿ. ಆಮೇಲೆ ಎರಡು ಮೂರು ನಿಮಿಷಕ್ಕೆ ಒಂದು ಚಮಚ. ಹಾಲಿನ ಬಾಟಲಿ ಬೇಡ, ಚಮಚವೇ ಬೇಕು. ಒಂದು ಟೀ ಚಮಚ ಎಂದರೆ ಐದು ಮಿಲಿ. ಎರಡು ನಿಮಿಷಕ್ಕೊಂದರಂತೆ ಗಂಟೆಗೆ ಮೂವತ್ತು ಚಮಚ, 150 ಮಿಲಿ. ನಾಲ್ಕು ಗಂಟೆಗೆ 600 ಮಿಲಿ. ಎಂಟು ಕಿಲೋ ಮಗುವಿನ ಮೈಯಲ್ಲಿ ನೀರು ಸ್ವಲ್ಪ ಕಡಿಮೆಯಾಗಿ ಕಿರಿಕಿರಿ ಮಾಡುತ್ತಿರುವಾಗ ನಾಲ್ಕು ಗಂಟೆಯಲ್ಲಿ ಕೊಡಬೇಕಾದದ್ದು ಕಿಲೋಗೆ 75 ಮಿಲಿಯಂತೆ ಸರಿಯಾಗಿ ಅಷ್ಟೇ! ನಡುವೆ ಒಂದೆರಡು ಸಲ ಕಕ್ಕಿದರೂ ಒಳಗೆ ನಿಂತದ್ದೇ ಹೆಚ್ಚು. ಹೀಗೆ ನೀರು ಕಡಿಮೆಯಾದ ಮಗುವಿಗೆ ಈ ನಾಲ್ಕು ಗಂಟೆಯ ಚಿಕಿತ್ಸೆ ಆರೋಗ್ಯ ಕೇಂದ್ರದ ಕಣ್ಣಳತೆಯಲ್ಲಿ ನಡೆದರೆ ಮೇಲು. ಇನ್ನೂ ಚೆನ್ನಾಗಿರುವ ಮಗುವಿಗೆ ಮನೆಯಲ್ಲಿ, ಎರಡು ವರ್ಷದೊಳಗಿದ್ದರೆ ಪ್ರತಿ ಬೇಧಿಗೂ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿ. ಮೂವತ್ತು ಚಮಚ ಎಣಿಸುವ ತಾಳ್ಮೆ ಯಾರಿಗಿದೆ ಎಂದು ಕೇಳಬೇಡಿ. ಹಾಸಿನ ಎಳೆ ಎಳೆಯನ್ನು ಅಚ್ಚಿಗೆ ಪೋಣಿಸುವ ಜನ ನೀವು. ಇದರಲ್ಲಿ ಗಂಡಸರಿಗೂ ಪಾಲಿದೆ. ತಾಯಿ ಒಂದು ಗಂಟೆ, ತಂದೆ ಒಂದು ಗಂಟೆ.

ಮೊಲೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಹೊಟ್ಟೆಗೆ ವಿಶ್ರಾಂತಿ ಕೊಡಬೇಕೆಂದು ಉಪವಾಸ ಕೆಡವುವುದು ಹಳೆಯ ತಪ್ಪು. ಬೇಧಿ ಇದ್ದರೆ ಜಿಂಕ್ ಮಾತ್ರೆ 14 ದಿನ: ಎರಡರಿಂದ ಆರು ತಿಂಗಳಿನ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ದಾಟಿದರೆ 20. ಚಮಚದಲ್ಲಿ ಮೊಲೆಹಾಲಿನಲ್ಲಿಯೋ ನೀರಿನಲ್ಲಿಯೋ ಕರಗಿಸಿ ಕೊಡಬಹುದು. ಬೇಧಿ ನಿಂತಿತೆಂದು ಮೂರನೆಯ ದಿನಕ್ಕೇ ಬಿಡಬೇಡಿ.

ಇನ್ನು ಅಂಗಡಿಯ ಬಂಧುಗಳಿಗೆ. ನಮ್ಮ ಪತ್ರಿಕೆಯನ್ನು ಕೌಂಟರಿನ ಮೇಲಿಟ್ಟು ಓದುವವರು ನಿಮ್ಮಲ್ಲಿ ಅನೇಕರಿದ್ದೀರಿ, ಆದ್ದರಿಂದ ಸಲಿಗೆಯಿಂದ ಹೇಳುತ್ತೇವೆ. ಬಣ್ಣದ ಹಣ್ಣಿನ ಚಿತ್ರವಿದ್ದ ಡಬ್ಬಿಗಳ ಮೇಲೆ ಓ.ಆರ್.ಎಸ್. ಎಂಬ ಅಕ್ಷರಗಳು ವರ್ಷಗಟ್ಟಲೆ ಮೆರೆದವು. ಒಳಗೆ ನಿಜವಾದ ಪುಡಿಗಿಂತ ಹಲವು ಪಟ್ಟು ಸಕ್ಕರೆ. ಅತಿಯಾದ ಸಕ್ಕರೆ ಕರುಳಿಗೆ ನೀರನ್ನು ಎಳೆದು ಬೇಧಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ಅವರು ಒಂಟಿಯಾಗಿ ಎಂಬಂತೆ ಇದರ ವಿರುದ್ಧ ವರ್ಷಗಳ ಕಾಲ ಕಾದಾಡಿದರು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಪಾನೀಯಗಳ ಹೆಸರಿನಲ್ಲಿ ಆ ಅಕ್ಷರಗಳು ಇರಕೂಡದೆಂದು ಆಜ್ಞೆ ಹೊರಡಿಸಿತು. ನಾವು ಮೊದಲು ಹೇಳಿದ ಆ ಮಗುವಿಗೂ ಮಧ್ಯಾಹ್ನ ಅಂಥದೇ ಡಬ್ಬಿಯೊಂದನ್ನು ತಂದು ಕುಡಿಸಿದ್ದರು. ಕೊಟ್ಟ ಅಂಗಡಿಯವನು ಮೋಸಗಾರನಲ್ಲ. ಡಬ್ಬಿಯ ಮೇಲೆ ಬರೆದದ್ದನ್ನು ಅವನೂ ನಂಬಿದ್ದ. ಈಗ ನಂಬಬೇಕಾಗಿಲ್ಲ. ಗಿರಾಕಿ ಮಗುವಿಗೆ ಎಂದು ಕೇಳಿದಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿರುವ ಪುಡಿಯ ಪೊಟ್ಟಣವನ್ನೇ ಕೊಡಿ. ಲಾಭ ಕಡಿಮೆ, ಒಪ್ಪುತ್ತೇವೆ. ಔಷಧಿ ಅಂಗಡಿಯವರು ಬೇಧಿ ಕಟ್ಟುವ ಮಾತ್ರೆಯನ್ನು ಎಳೆಯ ಮಕ್ಕಳಿಗೆ ಕೊಡಲೇಬಾರದು. ಕರುಳಿನ ಚಲನೆಯೇ ನಿಂತು ಹೊಟ್ಟೆ ಉಬ್ಬಿ ಪ್ರಾಣಕ್ಕೆ ಬಂದೀತು. ವಾಂತಿ ನಿಲ್ಲಿಸುವ ಔಷಧವೂ ಡಾಕ್ಟರು ತೂಕ ನೋಡಿ ಬರೆದುಕೊಟ್ಟರೆ ಮಾತ್ರ. ಹಿಂದೊಮ್ಮೆ ಅಣ್ಣನಿಗೆ ಬರೆದ ಚೀಟಿಯಲ್ಲಿ ತಂಗಿಗೆ ಔಷಧ ಕೊಡುವ ಪದ್ಧತಿ ನಿಲ್ಲಲಿ.

ಇಷ್ಟು ಹೊತ್ತು ಹೇಳಿದ್ದು ಹೊಟ್ಟೆ ಕೆಟ್ಟು ಬರುವ ವಾಂತಿಯ ಮಾತು. ವಾಂತಿ ಇದೆ, ಬೇಧಿಯಿಲ್ಲ, ಮಗು ಮಂಕಾಗಿದೆ ಎಂದರೆ ಮನೆಯಲ್ಲಿ ಚಮಚ ಹಿಡಿದು ಕೂರುವ ಕಾಲವಲ್ಲ ಅದು. ವಾಂತಿ ಹಸಿರಾಗಿದ್ದರೆ ಕರುಳು ಎಲ್ಲೋ ಕಟ್ಟಿಕೊಂಡಿರಬಹುದು. ಮಗು ಇದ್ದಕ್ಕಿದ್ದಂತೆ ಕಾಲು ಮಡಿಚಿ ಚೀರುವುದು, ಆಮೇಲೆ ಸುಮ್ಮನಾಗಿ ಬಿಳಿಚಿಕೊಳ್ಳುವುದು, ಕೊನೆಗೆ ರಕ್ತ ಬೆರೆತ ಲೋಳೆ ಹೋಗುವುದು — ಇದು ಕರುಳು ಕರುಳಿನೊಳಗೆ ನುಗ್ಗಿಕೊಂಡ ಲಕ್ಷಣ, ಶಸ್ತ್ರವೈದ್ಯರಿರುವ ಆಸ್ಪತ್ರೆಗೇ ಹೋಗಬೇಕು. ಜ್ವರ, ವಾಂತಿ, ಕತ್ತು ಸೆಟೆಯುವುದು, ನೆತ್ತಿ ಕುಸಿಯುವ ಬದಲು ಉಬ್ಬುವುದು, ಫಿಟ್ಸ್ ಬರುವುದು ಮಿದುಳು ಪೊರೆಯ ರೋಗವಿರಬಹುದು. ತೊಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲಿನ ವಾಂತಿಯೂ ಹೀಗೆಯೇ. ಪದೇ ಪದೇ ಉಚ್ಚೆ ಹೊಯ್ಯುತ್ತ, ನೀರು ನೀರು ಎನ್ನುತ್ತ, ಏದುಸಿರು ಬಿಡುತ್ತ ಮಂಕಾದ ಮಗುವಿಗೆ ಸಕ್ಕರೆ ಕಾಯಿಲೆ ಇದ್ದೀತು, ಮಕ್ಕಳಿಗೂ ಬರುತ್ತದೆ.

ಡೆಂಗ್ಯೂ ವಿಷಯ ವಿಶೇಷವಾಗಿ ಹೇಳಬೇಕು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕವೆಂದು ಘೋಷಿಸಿತ್ತು, ನಿಮಗೆ ನೆನಪಿದೆ. ಅದರ ಮೋಸವೆಂದರೆ, ಮೂರು ನಾಲ್ಕು ದಿನ ಕಾದ ಜ್ವರ ಇಳಿದಾಗ ಮನೆಯವರು ಗೆದ್ದೆವೆಂದುಕೊಳ್ಳುತ್ತಾರೆ. ಅಪಾಯ ಶುರುವಾಗುವುದೇ ಆಗ. ಜ್ವರ ಬಿಟ್ಟ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ಹೊಟ್ಟೆ ನೋವೆಂದರೆ, ಕೈಕಾಲು ತಣ್ಣಗಾಗಿ ಮಂಕಾದರೆ ಆ ಗಳಿಗೆಯಲ್ಲೇ ಆಸ್ಪತ್ರೆ. ಜ್ವರಕ್ಕೆ ಮಕ್ಕಳಿಗೆ ಆಸ್ಪಿರಿನ್ ಎಂದೂ ಕೊಡಬೇಡಿ. ಅದರಿಂದಲೂ, ಅಪರೂಪವಾದರೂ, ಇದೇ ವಾಂತಿ ಇದೇ ಮಂಕು ಬರುವ ಭೀಕರ ರೋಗವೊಂದಿದೆ.

ನಮ್ಮ ಮನೆಗಳಲ್ಲಿ ಇನ್ನೊಂದು ಉಂಟು: ವಿಷ. ಮಗ್ಗದ ಮನೆ, ಅಡುಗೆ ಮನೆ, ಮಲಗುವ ಮನೆ ಎಲ್ಲ ಒಂದೇ ಕೋಣೆಯಾದರೆ ಬಣ್ಣದ ಪುಡಿ, ಆಸಿಡ್ಡು, ಸೀಮೆಎಣ್ಣೆ, ಇಲಿ ಪಾಷಾಣ ಇವೆಲ್ಲ ತೆವಳುವ ಮಗುವಿನ ಕೈಗೆ ಎಟಕುತ್ತವೆ. ಖಾಲಿ ತಂಪು ಪಾನೀಯದ ಬಾಟಲಿಯಲ್ಲಿ ಸೀಮೆಎಣ್ಣೆ ತುಂಬಿಡುವವರು ಈ ಸಭೆಯಲ್ಲೂ ಇದ್ದೀರಿ. ಕುಡಿದದ್ದು ಗೊತ್ತಾದರೆ ಬಾಯಿಗೆ ಬೆರಳು ಹಾಕಿ ಕಕ್ಕಿಸಬೇಡಿ, ಉಪ್ಪು ನೀರು ಕುಡಿಸಬೇಡಿ; ಸೀಮೆಎಣ್ಣೆ ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿಯುತ್ತದೆ, ಆಸಿಡ್ಡು ಬರುವಾಗ ಗಂಟಲನ್ನು ಎರಡನೆಯ ಸಲ ಸುಡುತ್ತದೆ. ಆ ಬಾಟಲಿಯನ್ನೋ ಪೊಟ್ಟಣವನ್ನೋ ಕೈಯಲ್ಲಿ ಹಿಡಿದು ಮಗುವಿನ ಜೊತೆ ಹೊರಡಿ.

ಒಟ್ಟಿನಲ್ಲಿ ಗೋಡೆಗೆ ಅಂಟಿಸಿಕೊಳ್ಳಬೇಕಾದದ್ದು ಇಷ್ಟು: ಕುಡಿಯಲಾರದ ಮಗು, ಕುಡಿದದ್ದೆಲ್ಲ ಕಕ್ಕುವ ಮಗು, ಫಿಟ್ಸ್ ಬಂದ ಮಗು, ಎಬ್ಬಿಸಿದರೆ ಏಳದ ಮಗು. ಈ ನಾಲ್ಕರಲ್ಲಿ ಒಂದಿದ್ದರೂ ಬೆಳಗಾಗಲಿ ಎನ್ನಬೇಡಿ. ಎರಡು ತಿಂಗಳೊಳಗಿನ ಕೂಸಾದರೆ ಮೊಲೆ ಬಿಟ್ಟರೇ ಸಾಕು, ಹೊರಡಿ. 108ಕ್ಕೆ ಫೋನು ಮಾಡಿ; 2008ರ ನವೆಂಬರಿನಿಂದ ನಮ್ಮ ರಾಜ್ಯದಲ್ಲಿ ಓಡುತ್ತಿರುವ ಗಾಡಿ ಅದು, ಹಣ ಕೊಡಬೇಕಿಲ್ಲ. ತಡವಾಗುವ ಹಾಗಿದ್ದರೆ ಬೀದಿಯ ಆಟೋ. ಮೊದಲು ತಾಲೂಕು ಆಸ್ಪತ್ರೆ; ನರಕ್ಕೆ ಸಲೈನ್ ಏರಿಸಿಕೊಂಡು ಅಲ್ಲಿಂದ ಬೆಂಗಳೂರಿಗೆ ಕಳಿಸಿದರೆ ವಾಣಿವಿಲಾಸವಿದೆ, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯಿದೆ. ನೀರಿಲ್ಲದ ಮಗುವನ್ನು ಹಾಗೆಯೇ 40 ಕಿಲೋಮೀಟರು ಬೆಂಗಳೂರಿನ ವಾಹನಗಳ ನಡುವೆ ಒಯ್ಯಬೇಡಿ. ಕುಡಿಯುವ ಶಕ್ತಿಯಿದ್ದರೆ ದಾರಿಯುದ್ದಕ್ಕೂ ಚಮಚ ನಡೆಯುತ್ತಿರಲಿ.

ರೋಗ ಬಾರದಂತೆ ತಡೆಯುವುದರಲ್ಲಿ ಸ್ವಲ್ಪ ನಮ್ಮ ಕೈಯಲ್ಲಿದೆ, ಸ್ವಲ್ಪ ಇಲ್ಲ. ಕೈಯಲ್ಲಿರುವುದರಲ್ಲಿ ಮುಖ್ಯವಾದದ್ದು ರೋಟಾ ವೈರಸ್ ಹನಿ. ಎಳೆಮಕ್ಕಳ ಘೋರ ವಾಂತಿ ಬೇಧಿಗೆ ಈ ವೈರಸ್ಸೇ ದೊಡ್ಡ ಕಾರಣ. 2016ರಲ್ಲಿ ಸರ್ಕಾರಿ ಲಸಿಕೆಯ ಪಟ್ಟಿಗೆ ಸೇರಿ, 2019ರ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿತು. ಆರು, ಹತ್ತು, ಹದಿನಾಲ್ಕನೆಯ ವಾರದಲ್ಲಿ ಬಿಟ್ಟಿಯಾಗಿ ಬಾಯಿಗೆ ಹಾಕುತ್ತಾರೆ. ಅಂದಹಾಗೆ, ಈ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ದೆಹಲಿಯ ಏಮ್ಸ್ ಜೊತೆಗೆ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರೂ ದುಡಿದಿದ್ದಾರೆ. ರೋಗವಿಲ್ಲದೆಯೇ ಈ ವೈರಸ್ ಹೊತ್ತಿದ್ದ ಬೆಂಗಳೂರಿನ ನವಜಾತ ಶಿಶುಗಳಲ್ಲಿ ಅವರು ಒಂದು ತಳಿಯನ್ನು ಕಂಡುಹಿಡಿದಿದ್ದರು. ಕೊನೆಗೆ ಲಸಿಕೆಯಾದದ್ದು ದೆಹಲಿಯ ತಳಿ. ಹನಿ ಹಾಕಿಸಿದ ಮಗುವಿಗೆ ವಾಂತಿ ಬೇಧಿ ಬರಲೇಬಾರದೆಂದಿಲ್ಲ, ಬಂದರೂ ಸಾಮಾನ್ಯವಾಗಿ ಅಷ್ಟು ಜೋರಿರುವುದಿಲ್ಲ.

ಕೈಯಲ್ಲಿಲ್ಲದ್ದು ನೀರು. ಅರ್ಕಾವತಿ ಹುಟ್ಟುವುದು ನಮ್ಮ ನೆತ್ತಿಯ ಮೇಲಿನ ನಂದಿಬೆಟ್ಟದಲ್ಲಿ. ನಮ್ಮ ಊರು ದಾಟುವಷ್ಟರಲ್ಲಿ ಅದಕ್ಕೆ ಏನಾಗುತ್ತದೆ ಎಂಬುದನ್ನು ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳ ದಡದವರನ್ನು ಕೇಳಿ. ಊರ ಚರಂಡಿಯ ನೀರು, ಕಾರ್ಖಾನೆಗಳ ನೀರು ಕೆರೆಗೆ ಸೇರಿ ಕೊಳವೆಬಾವಿಯೂ ಕೆಟ್ಟಿತೆಂದು ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯಿತಿಯ ಜನ ವರ್ಷಗಳಿಂದ ಧರಣಿ ಕೂತವರು. ನೀರು ಕೆಟ್ಟರೆ ಏನಾಗುತ್ತದೆಂದು ರಾಯಚೂರು 2022ರಲ್ಲಿ ಕಂಡಿತು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತರ ಕೇರಿ ಕಂಡಿತು. ನಲ್ಲಿಯ ನೀರು ಕುಡಿದು ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಕೆಲವರು ಹಿಂದಿರುಗಲಿಲ್ಲ. ಒಂದೇ ವಾರದಲ್ಲಿ ಒಂದೇ ಬೀದಿಯ ಮೂರು ನಾಲ್ಕು ಮನೆಯಲ್ಲಿ ವಾಂತಿ ಬೇಧಿಯಾದರೆ ಅದನ್ನು ಒಂದೊಂದು ಮನೆಯ ಹಣೆಬರಹವೆಂದು ಬಿಡಬೇಡಿ. ಚರಂಡಿಯ ಒಳಗೆ ಹಾದ ಕುಡಿಯುವ ನೀರಿನ ಕೊಳವೆ ಒಡೆದಿರುತ್ತದೆ. ಎಲ್ಲರೂ ಸೇರಿ ನಗರಸಭೆಗೆ ಬರೆದುಕೊಡಿ, ನೀರಿನ ಮಾದರಿ ಪರೀಕ್ಷೆಯಾಗಲಿ ಎಂದು ಕೇಳಿ, ಅರ್ಜಿಗೆ ಮೊಹರು ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಕುದಿಸಿಯೇ ಕುಡಿಯಿರಿ. ಕಾಸು ಹಾಕಿ ಹಿಡಿಯುವ ಘಟಕದ ನೀರೂ ಕ್ಯಾನು ತೊಳೆಯದಿದ್ದರೆ ಶುದ್ಧವಲ್ಲ.

ಮತ್ತೆ ಆ ಏಳು ಗಂಟೆಗೆ ಬರುತ್ತೇವೆ. ಆ ತಾಯಿ ಮಧ್ಯಾಹ್ನವೇ ಯಾಕೆ ಏಳಲಿಲ್ಲ? ಗುರುತು ತಿಳಿಯದ್ದು ಒಂದು ಕಾರಣವಾದರೆ, ಇಳಿಸಬೇಕಿದ್ದ ಸೀರೆ ಇನ್ನೊಂದು. ಹತ್ತು ಮಂದಿ ಕೆಲಸಗಾರರಿರುವ ಕಾರ್ಖಾನೆಗೆ ಸಾಮಾನ್ಯವಾಗಿ ಇ.ಎಸ್.ಐ. ಇದೆ, ನಾಲ್ಕು ಮಗ್ಗದ ಮನೆಗೆ ಇಲ್ಲ. ಐವತ್ತು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ಹೆರಿಗೆ ಸೌಲಭ್ಯದ ತಿದ್ದುಪಡಿ ಹೇಳಿತು. ಬಾಶೆಟ್ಟಿಹಳ್ಳಿಯ ಕಡೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ತಮ್ಮಲ್ಲಿ ಅದಿದೆಯೇ, ಅದರಲ್ಲಿ ಮಗುವನ್ನು ನೋಡುವ ಆಯಾಗೆ ಈ ಗುರುತುಗಳು ಗೊತ್ತೇ ಎಂದು ಕೇಳಬೇಕು. ಮನೆ ಮಗ್ಗದವರಿಗೆ ಯಾವ ತಿದ್ದುಪಡಿಯೂ ಇಲ್ಲ. ಆದ್ದರಿಂದ ಮಾಲೀಕರಿಗೆ ನಮ್ಮ ನೇರ ಮಾತು: ಮಗುವಿಗೆ ಕಾಯಿಲೆಯಾದ ದಿನ ಸೀರೆ ತಡವಾದರೆ ಕೂಲಿ ಕಡಿಯಬೇಡಿ, ಮುಂಗಡದ ಮಾತೆತ್ತಬೇಡಿ. ಇದನ್ನು ಒಪ್ಪಂದದ ಪತ್ರದಲ್ಲಿ ಬರೆಸುವ ಕೆಲಸ ಸಂಘದ್ದು. ಬೀದಿಗೊಂದು ಮನೆಯಲ್ಲಿ ಹತ್ತು ಪೊಟ್ಟಣ, ಒಂದು ಲೀಟರಿನ ಅಳತೆ ಪಾತ್ರೆ, ರಾತ್ರಿ ಬರಲೊಪ್ಪಿದ ಆಟೋದವರ ನಂಬರು ಇಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಈ ಬೀದಿಯಲ್ಲಿ ಅದು ಶುರುವಾಗಿದೆ. ಆ ಮಗುವಿನ ಮನೆಯಲ್ಲೇ ಇಟ್ಟಿದ್ದಾರೆ.

ಭಾಷಣ ಮುಗಿದ ಮೇಲೆ ಎದ್ದುನಿಂತು ಒಬ್ಬ ತಾಯಿ ಒಂದು ಪ್ರಶ್ನೆ ಕೇಳಿದರು. ಅದನ್ನೂ ಇಲ್ಲಿ ಸೇರಿಸುತ್ತೇವೆ. "ರಾತ್ರಿಯೆಲ್ಲ ವಾಂತಿ ಮಾಡ್ಕೊಂಡು ಬೆಳಗಿನ ಜಾವ ಮಗು ಕಣ್ಣು ಮುಚ್ಚಿರತ್ತೆ ಅಣ್ಣ. ಎಬ್ಬಿಸಿ ಕುಡಿಸಬೇಕಾ, ನಿದ್ದೆ ಮಾಡಲಿ ಅಂತ ಬಿಡಬೇಕಾ?" ನಾವು ಹೇಳಿದ್ದು ಇದು: ಎಬ್ಬಿಸಿ ತಾಯಿ. ಗಂಟೆಗೊಮ್ಮೆ ಎಬ್ಬಿಸಿ. ಎದ್ದು ಅತ್ತು ಎರಡು ಚಮಚ ಕುಡಿದು ಮತ್ತೆ ಮಲಗಿದರೆ ಮಲಗಲಿ. ಏಳದಿದ್ದರೆ ಬಾಯಿಗೆ ಏನನ್ನೂ ಹುಯ್ಯಬೇಡಿ, ಅದು ಶ್ವಾಸಕ್ಕೆ ಹೋಗುತ್ತದೆ. ಪಕ್ಕಕ್ಕೆ ತಿರುಗಿಸಿ ಎತ್ತಿಕೊಂಡು ಹೊರಡಿ, ಮಗ್ಗದ ಸ್ವಿಚ್ಚನ್ನು ಯಾರಾದರೂ ಆರಿಸುತ್ತಾರೆ.